ಅಮಾಸಿ ದಿನ ತಿರುಗಿದ ಗಾಲಿ

ಹೋದ ತಿಂಗಳು ಖಾನಾಪುರದಾಚೆಯ ಗುಡ್ಡದ ಕೆರೆಗೆ ನಾವು ನಾಲ್ವರು ಹೋಗಿದ್ದೆವು. ನಾನು, ನನ್ನ ಕಾಕಾನ ಮಗ, ಅವನ ಹೆಂಡತಿ, ಕಾಲೇಜು ಓದುವ ಅವನ ಮಗಳು. ಕೆರೆಯ ಸುತ್ತ ಡಾಂಬರಿನ ದಾರಿಯಿದೆ. ಅವನಿಗೆ ಈಗ ಸೈಕಲ್ಲಿನ ಹುಚ್ಚು. ತಲೆಗೆ ಹೆಲ್ಮೆಟ್ಟು, ಮೈಗಂಟಿದ ಹಳದಿ ಅಂಗಿ, ರವಿವಾರ ಬಂದರೆ ಎರಡು ಸುತ್ತು. ಅಂದು ಮಗಳ ಸೈಕಲ್ ಪಂಕ್ಚರ್ ಆಯಿತು. ಅವನೇ ಕೂತು ಟ್ಯೂಬು ಎಳೆದು ಸೊಲ್ಯೂಶನ್ ಹಚ್ಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ವೈನಿ ಕಣ್ಣೆದುರು ಬಂದು ನಿಂತಳು...

ವೈನಿ ಬೆಳಗಾವಿಯ ವಡಗಾವಿಯಲ್ಲಿ ನಮ್ಮ ಬಾಜೂ ಮನೆಯಾಕೆ. ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ ಓಣಿಯೆಲ್ಲ ಆಕೆಯನ್ನು ವೈನಿ ಎನ್ನುತ್ತಿತ್ತು. ಗಂಡ ಮಗ್ಗದಲ್ಲಿ ಕೂತರೆ ಈಕೆ ಚರಕದ ಮುಂದೆ ಕೂತು ನೂಲು ಸುತ್ತಿಕೊಡುವವಳು. ಎರಡು ಸಾವಿರದ ಇಸವಿಯ ಆಸುಪಾಸು. ನಾನು ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯಲು ಲೇಡೀಸ್ ಸೈಕಲ್ ಮೇಲೆ ಹೋಗುತ್ತಿದ್ದೆ. ಅದು ಪಂಕ್ಚರ್ ಆದಾಗಲೆಲ್ಲ ತೇಪೆ ಹಚ್ಚುತ್ತಿದ್ದವಳು ವೈನಿಯೇ. ಕಡಿದ ನೂಲಿಗೆ ಗಂಟು ಹಾಕುವ ಬೆರಳಿಗೆ ಅದೇನು ಮಹಾ! ಒಂದು ದಿನ ಗಾಲಿ ತಿರುವಿ ನೋಡುತ್ತ ಅಂದಳು:

"ದಿನಾ ಕುಂತಲ್ಲೇ ಗಾಲಿ ತಿರುವತೀನಿ. ಒಂದು ಗೇಣೂ ಮುಂದ ಹೋಗಿಲ್ಲ ನೋಡವಾ. ನನಗೂ ಕಲಸ್ತೀಯೇನ?"

ಓಣಿಯಲ್ಲಿ ಕಲಿಸುವುದು ಶಕ್ಯವೇ ಇರಲಿಲ್ಲ, ಕಟ್ಟೆಗೊಬ್ಬರು ಕೂತಿರುತ್ತಿದ್ದರು. ಅಮವಾಸ್ಯೆಯ ದಿನ ಮಗ್ಗ ಹೂಡುವುದಿಲ್ಲ, ಚರಕ ಮುಟ್ಟುವುದಿಲ್ಲ, ಅದು ನೇಕಾರರ ನೇಮ. ಅವಳಿಗೆ ಬಿಡುವು ಅದೊಂದೇ ದಿನ. ನಾನು ರಜೆ ಹಾಕುತ್ತಿದ್ದೆ. ಸೈಕಲ್ಲನ್ನು ಬಸ್ಸಿನ ಟಾಪಿಗೆ ಏರಿಸಿ ಇಬ್ಬರೂ ಈ ಕೆರೆಗೆ ಬರುತ್ತಿದ್ದೆವು. ಮೊದಲ ಸಲ ಸೀರೆ ಚೈನಿಗೆ ಸಿಕ್ಕಿತು. ಮುಂದಿನ ಅಮವಾಸ್ಯೆಗೆ ಅತ್ತೆಯ ಹದಿನೆಂಟು ಮೊಳದ ಸೀರೆಯನ್ನು ಗಟ್ಟಿ ಕಚ್ಚೆ ಹಾಕಿ ಉಟ್ಟು ಬಂದಳು. "ನಮ್ಮ ಅತ್ತಿ ಇದನ್ನುಟ್ಟು ಗುಡ್ಡಾ ಹತ್ತಿ ಕಟಗಿ ತಂದಾಳ, ನನ್ನ ಸೈಕಲ್ ಯಾಕ ತಡೀತಾಳ?" ಎಂದು ನಕ್ಕಳು. ಅವಳಿಗಿದ್ದ ಆಸೆ ಒಂದೇ. ಯಾರೂ ಹಿಡಿಯದೆ, ಕಾಲೂರದೆ, ಕೆರೆಯ ಸುತ್ತ ಒಂದು ಪೂರ್ತಿ ಸುತ್ತು.

ನಾಲ್ಕನೆಯ ಅಮವಾಸ್ಯೆಗೆ ಒಬ್ಬಳೇ ಹೊರಟಳು. ನಾನು ಒಡ್ಡಿನ ಮೇಲೆ ನಿಂತು ನೋಡುತ್ತಿದ್ದೆ. ಆಚೆ ದಂಡೆ ದಾಟಿದಳು, ಕೊನೆಯ ತಿರುವಿಗೆ ಬಂದಳು. ಇನ್ನು ನೂರು ಹೆಜ್ಜೆ ಇರಬಹುದು. ಅಷ್ಟರಲ್ಲಿ ಹಿಂದಿನಿಂದ ಒಂದು ಮೋಟರ್ ಸೈಕಲ್ ಬಂತು. ಓಡಿಸುತ್ತಿದ್ದವನು ಕಾಲೆತ್ತಿ ಅವಳ ಕ್ಯಾರಿಯರ್ ಒದ್ದ. ಮಜಾ ಅವನಿಗೆ! ನನ್ನ ಮುಂದೆಯೇ ನಗುತ್ತ ಹಾದುಹೋದ. ನನ್ನ ಕಾಕಾನ ಮಗ. ವೈನಿ ಸೈಕಲ್ ಕಲಿಯುವ ಸುದ್ದಿಯನ್ನು ಮನೆಯಲ್ಲಿ ಬಾಯಿಬಿಟ್ಟವಳೂ ನಾನೇ.

ಅವಳ ಬಲ ಮುಂಗೈ ಮುರಿದಿತ್ತು. ಓಣಿಯ ಹಿರಿಯರು ಕಟ್ಟೆಗೆ ಸೇರಿದರು. ಒದ್ದವರು ಯಾರು ಎಂದು ಒಬ್ಬನಾದರೂ ಕೇಳಲಿಲ್ಲ. "ಅಮಾಸಿ ದಿನ ಚರಕಾನ ಮುಟ್ಟಂಗಿಲ್ಲ, ಈಕಿ ಸೈಕಲ್ ಗಾಲಿ ತಿರುವ್ಯಾಳ. ಕೈ ಮುರೀದ ಏನಾಗತೈತಿ?" ಎಂದರು. ನೇಮ ತಪ್ಪಿದ್ದಕ್ಕೆ ಗಂಡ ಮಗ್ಗಕ್ಕೆ ಕಾಯಿ ಒಡೆದು ತಪ್ಪೊಪ್ಪಿಕೊಂಡ. ಒದ್ದ ಕಾಲಿಗೆ ನೇಮ ಇರಲಿಲ್ಲವೇ? ಆ ಕಾಯಿಯ ಚೂರನ್ನು ನಮ್ಮ ಮನೆಗೂ ಕೊಟ್ಟರು. ಕಾಕಾನ ಮಗ ಬೆಲ್ಲ ಹಚ್ಚಿಕೊಂಡು ತಿಂದ!

ಕಂಡದ್ದನ್ನು ಅಪ್ಪನಿಗೆ ಹೇಳಿದೆ. "ಬಾಯಿ ಮುಚ್ಚು. ಅವನ ಲಗ್ನದ ಮಾತು ನಡದೈತಿ," ಎಂದರು. ಮುಚ್ಚಿದೆ. ಸಿಟ್ಟು ಅವರ ಮೇಲೆ ಎಷ್ಟಿದೆಯೋ ಅದರ ಎರಡು ಪಟ್ಟು ನನ್ನ ಮೇಲಿದೆ.

ಕೈ ಸೊಟ್ಟಗೆ ಕೂಡಿತು. ಚರಕದ ಹಿಡಿಕೆ ಅವಳಿಗೆ ಮತ್ತೆ ಒಗ್ಗಲಿಲ್ಲ. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು:

"ನೀ ಒಡ್ಡಿನ ಮ್ಯಾಲ ನಿಂತಿದ್ದಿ. ಯಾರಂತ ನೋಡಿದೇನವಾ?"

"ಇಲ್ಲ ವೈನಿ."

ನನ್ನ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು. "ಹಂಗಾರ ಅಮಾಸಿನ ಕೆಡವಿರಬೇಕು ಬಿಡು."

ಮತ್ತೆಂದೂ ಕೇಳಲಿಲ್ಲ. ನನ್ನ ಸೈಕಲ್ ಪಂಕ್ಚರ್ ಆದರೆ ಎಡಗೈಯಿಂದಲೇ ತೇಪೆ ಒತ್ತಿ ಕೊಡುತ್ತಿದ್ದಳು. ಅದಕ್ಕಿಂತ ಎರಡು ಬಾರಿಸಿದ್ದರೆ ಚೆನ್ನಾಗಿತ್ತು... ಹೋದ ವರ್ಷ ತೀರಿಕೊಂಡಳು. ಒದ್ದವನು ಯಾರೆಂದು ನಾನು ಹೇಳಿರಲೇ ಇಲ್ಲ.

ಕೆರೆಯ ದಂಡೆಯಲ್ಲಿ ಕಾಕಾನ ಮಗ ಟ್ಯೂಬಿಗೆ ತೇಪೆ ಒತ್ತುತ್ತ ಮಗಳಿಗೆ ಹೇಳುತ್ತಿದ್ದ: "ನಿಮ್ಮ ನಸೀಬ ಚೊಲೋ ಐತಿ. ಆಗ ನಮ್ಮ ಓಣ್ಯಾಗ ಹೆಣ್ಮಕ್ಕಳು ಯಾರೂ ಇಲ್ಲಿಗೆ ಸೈಕಲ್ ಹೊಡ್ಯಾಕ ಬರ್ತಿದ್ದಿಲ್ಲ."

"ಒಬ್ಬಾಕಿ ಬರ್ತಿದ್ದಳು," ಎಂದೆ. "ಆ ತಿರುವಿನಾಗ ನೀ ಒದ್ದು ಕೆಡವಿದಿ. ನಾ ಕಣ್ಣಾರೆ ನೋಡೇನಿ."

"ಏ, ಹಳೇ ಮಾತು ಈಗ್ಯಾಕ? ಹುಡುಗಾಟಕಿ ಅದು," ಎಂದ. ತಲೆ ಮಾತ್ರ ಎತ್ತಲಿಲ್ಲ. ಅವನ ಹೆಂಡತಿ ಕೆರೆಯ ಕಡೆ ಮುಖ ತಿರುಗಿಸಿದಳು. ನಾನು ಬಿಡಲಿಲ್ಲ. ಕೈ ಮುರಿದದ್ದು, ಕಟ್ಟೆಯ ತೀರ್ಪು, ಕಾಯಿ, ಬೆಲ್ಲ, ನನ್ನ ಸುಳ್ಳು, ಎಲ್ಲವನ್ನೂ ಹೇಳಿದೆ.

ಅಂದಿನಿಂದ ಅವನು ನಮ್ಮ ಮನೆಯ ಕಡೆ ಹಾಯ್ದಿಲ್ಲ. ಮೊನ್ನೆ ಅವನ ಮಗಳು ಫೋನ್ ಮಾಡಿದ್ದಳು.

"ಅತ್ಯಾ, ಆ ವೈನಿ ಹೆಸರೇನಿತ್ತು?"

ಹೇಳಿದೆ.