ಹಲ್ಲು ಕಟ್ಟುವ ಕೈಯಿಂದ ಟಿವಿಗೊಂದು ಬ್ರೌಸರ್

ಬೆಳಕು ಹರಿಯುವ ಮುನ್ನವೇ ಆ ಮನೆಯ ಹಾಲ್‌ನಲ್ಲಿ ಟಿವಿ ಬೆಳಗುತ್ತದೆ. ಧ್ವನಿ ಪೂರ್ತಿ ಇಳಿದಿದೆ. ಸೋಫಾದ ಮೇಲೆ ಕಾಲು ಮಡಚಿ ಕೂತವರ ತೊಡೆಯ ಮೇಲೆ ಹಳೆಯ ಲ್ಯಾಪ್‌ಟಾಪ್, ಬಲಗೈಯಲ್ಲಿ ರಿಮೋಟ್. ಬಾಣದ ಗುಂಡಿ ಒತ್ತುತ್ತಾರೆ. ಪರದೆಯಲ್ಲಿ ತೆರೆದ ಅಂತರ್ಜಾಲ ಪುಟದ ಮೇಲೆ ನೀಲಿ ಚೌಕಟ್ಟು ಒಂದು ಕೊಂಡಿಯಿಂದ ಪಕ್ಕದ ಕೊಂಡಿಗೆ ಜಿಗಿಯುತ್ತದೆ. ಇನ್ನೊಮ್ಮೆ ಒತ್ತುತ್ತಾರೆ, ಚೌಕಟ್ಟು ಮಾಯ. "ಎಲ್ಲಿ ಹೋದ್ಯಪ್ಪಾ?" ಎಂದು ಟಿವಿಯನ್ನೇ ಕೇಳುತ್ತಾರೆ. ಉತ್ತರ ಒಳಕೋಣೆಯಿಂದ ಬರುತ್ತದೆ: "ಎಲ್ಲೂ ಹೋಗಿಲ್ಲ, ಇನ್ನೂ ಎದ್ದೇ ಇಲ್ಲ." ಅದು ಗಂಡನ ದನಿ.

ಕಟ್ಟಡದವರು ಇವರನ್ನು ರಿಮೋಟಕ್ಕ ಎಂದೇ ಕರೆಯುವುದು. ಯಾರ ಮನೆಯ ಟಿವಿ ಮುನಿಸಿಕೊಂಡರೂ ಕರೆ ಬರುವುದು ಇವರಿಗೆ. ಹಗಲಿನ ಕಸುಬು ಮಾತ್ರ ಬೇರೆ. ಊರಿನ ದಂತವೈದ್ಯರು ಕಳಿಸುವ ಅಚ್ಚುಗಳಿಗೆ ತಕ್ಕಂತೆ ಲ್ಯಾಬ್‌ನಲ್ಲಿ ಕೂತು ಕಟ್ಟುಹಲ್ಲು ತಯಾರಿಸುತ್ತಾರೆ. ಕೆಲಸಕ್ಕೆ ಹೊರಡುವ ಮುಂಚಿನ ಎರಡು ಗಂಟೆ, ಸಂಬಳವಿಲ್ಲದ ಈ ಇನ್ನೊಂದು ಕೆಲಸಕ್ಕೆ ಮೀಸಲು. ಟಿವಿಗೆ ಜೋಡಿಸಿದ ಅಂಗೈಯಗಲದ ಪೆಟ್ಟಿಗೆಯೊಳಗೆ ಕೂತು, ಮನೆಯಲ್ಲಿರುವ ಸಿನಿಮಾ, ಹಾಡು, ಫೋಟೊಗಳನ್ನೆಲ್ಲ ಒಂದೇ ಪರದೆಯಲ್ಲಿ ಒಪ್ಪವಾಗಿ ತೋರಿಸುವ ಉಚಿತ ತಂತ್ರಾಂಶವೊಂದಿದೆ. ಬೇರೆ ಬೇರೆ ಊರುಗಳ ಹವ್ಯಾಸಿಗಳು ಸೇರಿ ಅದನ್ನು ಸಾಕುತ್ತಾರೆ. ಆ ತಂಡದಲ್ಲಿ ಇವರೂ ಒಬ್ಬರು. ಅದರ ಒಳಗೆ ಅಂತರ್ಜಾಲ ನೋಡಲೊಂದು ಬ್ರೌಸರ್ ಕೂರಿಸುವುದು ಇವರು ಹಚ್ಚಿಕೊಂಡಿರುವ ಗೀಳು.

ಪ್ರೋಗ್ರಾಂ ಬರೆಯುವುದನ್ನು ಇವರು ಕಲಿತದ್ದು ಸಿಟ್ಟಿನಿಂದ. ಲ್ಯಾಬ್‌ಗೆ ಬಂದ ಹೊಸ ಸ್ಕ್ಯಾನರ್ ಮುಂದಿನ ಹಲ್ಲುಗಳನ್ನೆಲ್ಲ ಸಲೀಸಾಗಿ ಓದಿ, ದವಡೆಹಲ್ಲು ಬಂತೆಂದರೆ ನಿಂತುಬಿಡುತ್ತಿತ್ತು. "ಕಂಪನಿಗೆ ಫೋನ್ ಮಾಡಿದ್ರೆ ಆಫ್ ಮಾಡಿ ಆನ್ ಮಾಡಿ ಅಂತಾರೆ. ಮಾಡಿ ಮಾಡಿ ಸ್ವಿಚ್ಚೇ ಕಿತ್ತು ಬಂತು. ಆಮೇಲೆ ನಾನೇ ಕಲಿತೆ" ಎನ್ನುತ್ತಾರೆ. ಕಲಿತದ್ದು ಮನೆಯ ಟಿವಿಗೂ ತಿರುಗಿತು. ಸಿನಿಮಾದ ಕೆಳಗಿನ ಅಕ್ಷರಗಳು ತಡವಾಗಿ ಬರುತ್ತಿದ್ದವು. "ವಿಲನ್ ಸತ್ತು ಬಿದ್ದು, ಎಲ್ಲರೂ ಮನೆಗೆ ಹೋದ ಮೇಲೆ, 'ಬಿಡಬೇಡ ಅವನನ್ನ' ಅಂತ ಬರೋದು." ಅದನ್ನು ಸರಿಪಡಿಸಿ ತಂಡಕ್ಕೆ ಕಳಿಸಿದರು. "ಥ್ಯಾಂಕ್ಸ್ ಅಂತ ಒಂದೇ ಒಂದು ಮಾತು ಬಂತು. ಅವತ್ತಿಂದ ಕೆಟ್ಟೆ ನೋಡಿ ನಾನು."

ಬ್ರೌಸರ್ ಬೇಕಾದದ್ದು ಅತ್ತೆಗಾಗಿ. ಅತ್ತೆಗೂ ಬೇರೆ ಊರಿನಲ್ಲಿರುವ ಅವರ ತಂಗಿಗೂ ಚಿಕ್ಕಂದಿನಿಂದ ಚೆಸ್ ಹುಚ್ಚು. ಈಗ ಅಂತರ್ಜಾಲದ ಪುಟವೊಂದರಲ್ಲಿ ಆಡುತ್ತಾರೆ. ಆದರೆ ಅತ್ತೆಯ ಬೆರಳ ಗಂಟುಗಳು ಬಿಗಿದುಕೊಂಡಿವೆ. ಫೋನಿನಲ್ಲಿ ಕುದುರೆಯನ್ನು ಮುಟ್ಟಿದರೆ ಪಕ್ಕದ ಮಂತ್ರಿ ಎದ್ದು ಬರುತ್ತಾನೆ. ತಂಗಿಯೋ, ಒಮ್ಮೆ ನಡೆಸಿದ ಕಾಯಿ ಹಿಂದಕ್ಕೆ ತೆಗೆಯುವಂತಿಲ್ಲ ಎನ್ನುವ ಪಂಗಡ. ಹೀಗೆ ಮೇಲಿಂದ ಮೇಲೆ ಮಂತ್ರಿ ಕಳೆದುಕೊಂಡು ಅತ್ತೆ ಒಂದು ದಿನ ಫೋನನ್ನು ದಿಂಬಿನಡಿ ತುರುಕಿ, "ಇನ್ನು ಆಡಲ್ಲ" ಎಂದುಬಿಟ್ಟರು. ಆಟದ ಜೊತೆ ಮಾತೂ ನಿಂತಿತು. "ಇಬ್ಬರೂ ಊಟ ಆಯ್ತಾ, ನಿದ್ದೆ ಬಂತಾ ಅಂತ ಕೇಳೋ ಪೈಕಿ ಅಲ್ಲ. ಬೈಕೊಳ್ಳೋಕೆ ಆಟ ಬೇಕು. ಅದಿಲ್ಲ ಅಂದ್ರೆ ಏನಂತ ಫೋನ್ ಮಾಡ್ತಾರೆ?" ಎಂದು ಸೊಸೆ ಕೇಳುತ್ತಾರೆ. ರಿಮೋಟ್ ಮಾತ್ರ ಅತ್ತೆಯ ಕೈಗೆ ಒಗ್ಗುತ್ತದೆ. ಅದರ ರಬ್ಬರ್ ಗುಂಡಿಯನ್ನು ಹೆಬ್ಬೆರಳ ಬುಡದಿಂದಲೂ ಒತ್ತಬಹುದು.

ಹೇಳಿದಷ್ಟು ಸುಲಭವಲ್ಲ. ಪೆಟ್ಟಿಗೆಯ ನೆನಪಿನ ಶಕ್ತಿ ಚಿಕ್ಕದು. ಬ್ರೌಸರ್ ಬಂದಿಳಿದರೆ ಒಂಟಿ ಕೋಣೆಯ ಮನೆಗೆ ನೆಂಟರ ದಂಡೇ ಬಂದಂತೆ. ಮೊದಲ ಆವೃತ್ತಿಯಲ್ಲಿ, ಬ್ರೌಸರ್ ತೆರೆದರೂ ಹಿಂದಿನ ಸಿನಿಮಾ ನಿಲ್ಲುತ್ತಿರಲಿಲ್ಲ. ಅತ್ತೆ ಗಲ್ಲಕ್ಕೆ ಕೈಕೊಟ್ಟು ಮುಂದಿನ ನಡೆ ಯೋಚಿಸುತ್ತಿದ್ದರೆ ಎಲ್ಲಿಂದಲೋ ಗುಂಡಿನ ಸದ್ದು, ಹೆಂಗಸೊಬ್ಬಳ ಚೀರಾಟ. "ಕೊನೆಗೆ ಯಾರು ಸತ್ತರು?" ಎಂದು ಅತ್ತೆ ಆಟ ಬಿಟ್ಟು ವಿಚಾರಿಸುತ್ತಿದ್ದರು.

ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಬೆಳಕಿಗೆ ಬಂತು. ಕೆಲವು ಹಳೆಯ ಟಿವಿಗಳು ಬಂದ ಚಿತ್ರವನ್ನು ತುಸು ಹಿಗ್ಗಿಸುತ್ತವೆ. ನಾಲ್ಕೂ ಅಂಚು ಪರದೆಯಾಚೆ ಉಳಿಯುತ್ತದೆ. ಸಿನಿಮಾದಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಕಾಣುತ್ತಿದ್ದರಿಂದ ರಿಮೋಟಕ್ಕ ಟಿವಿಯ ಅಂಚನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಚೆಸ್ ಮಣೆಯ ಮೇಲಿನ ಸಾಲು ಪೂರ್ತಿ ಕತ್ತರಿಸಿಹೋಗಿತ್ತು. ಅಲ್ಲಿ ಕೂತಿದ್ದ ತಂಗಿಯ ಆನೆ ಅತ್ತೆಗೆ ಕಾಣಲೇ ಇಲ್ಲ. ಅದು ಸೀದಾ ಇಳಿದು ಬಂದು ರಾಜನನ್ನು ಹಿಡಿಯಿತು. ಎಷ್ಟೋ ದಿನದ ಮೇಲೆ ಅತ್ತೆ ತಾವಾಗಿ ತಂಗಿಗೆ ಫೋನ್ ಮಾಡಿದ್ದು ಅವತ್ತು. "ನಿನ್ನ ಆನೇನ ಟಿವಿ ಬಚ್ಚಿಟ್ಟಿತ್ತು ಕಣೇ!" ಆ ಕಡೆಯಿಂದ ತಣ್ಣಗಿನ ಉತ್ತರ: "ಹೋದ್ಸಲ ಕನ್ನಡಕ, ಅದಕ್ಕೆ ಮುಂಚೆ ಲೈಟು, ಈಗ ಟಿವಿ. ಮುಂದಿನ ಸಲಕ್ಕೆ ಸೋಫಾ ಇಟ್ಕೊಂಡಿರು ಅಕ್ಕಾ."

ಮನೆಯ ಮಟ್ಟಿಗೆ ಹೇಗೋ ಅಂಟಿಸಿಕೊಂಡರೆ ಸಾಲದೇ ಎಂದರೆ, ಸಾಲದು. ಹೊರಗಿನಿಂದ ಅಂಟಿಸಿದ್ದು ತಂತ್ರಾಂಶದ ಪ್ರತಿ ಹೊಸ ಆವೃತ್ತಿಗೂ ಕಿತ್ತು ಬರುತ್ತದೆ. ತಂಡ ಒಪ್ಪಿ ಒಳಗೇ ಸೇರಿಸಿದರೆ ಮಾತ್ರ ಬಾಳಿಕೆ. ಒಪ್ಪಬೇಕಾದವರು ತಂಡದ ಹಿರಿಯ. ಎಲ್ಲರೂ ಅವರನ್ನು ದೊಡ್ಡಣ್ಣ ಎನ್ನುತ್ತಾರೆ. ರಿಮೋಟಕ್ಕ ಅವರ ಮುಖ ನೋಡಿಲ್ಲ. ಆದರೆ 'ಹಿಂದೆ' ಎಂಬ ಒಂದು ಗುಂಡಿಯ ಸಲುವಾಗಿ ಇಬ್ಬರೂ ತಿಂಗಳುಗಟ್ಟಲೆ ಕಿತ್ತಾಡಿದ್ದಾರೆ. ಒತ್ತಿದರೆ ಹಿಂದಿನ ಪುಟಕ್ಕೆ ಹೋಗಬೇಕೋ, ಬ್ರೌಸರನ್ನೇ ಬಿಟ್ಟು ಸಿನಿಮಾಗಳ ಪಟ್ಟಿಗೆ ಬರಬೇಕೋ? ಮೆಲ್ಲಗೆ ಒತ್ತಿದರೆ ಹಿಂದಿನ ಪುಟ, ಒತ್ತಿ ಹಿಡಿದರೆ ಆಚೆಗೆ ಎಂಬುದು ರಿಮೋಟಕ್ಕನ ಉಪಾಯ. "ಒತ್ತಿ ಹಿಡಿಯಬೇಕು ಎಂದು ಯಾರಿಗೆ ತಾನೇ ಹೊಳೆಯುತ್ತದೆ? ಒಳಗೆ ಹೋದವರು ಅಲ್ಲೇ ಸಿಕ್ಕಿಬೀಳುತ್ತಾರೆ" ಎಂದು ದೊಡ್ಡಣ್ಣ ಬರೆದರು. ಕೊನೆಗೆ ಒಂದು ಷರತ್ತು ಹಾಕಿದರು: ಪ್ರೋಗ್ರಾಂ ಗೊತ್ತಿಲ್ಲದ ಒಬ್ಬರು, ಯಾರೂ ತುಟಿ ಬಿಚ್ಚದೆ, ಬ್ರೌಸರ್ ತೆರೆದು ಬಳಸಿ ಹೊರಬರಬೇಕು. ಅದರ ವಿಡಿಯೊ ಭಾನುವಾರ ಸಂಜೆಯೊಳಗೆ ತಲುಪಬೇಕು. ಇಲ್ಲದಿದ್ದರೆ ಈ ಮಾತು ಇಲ್ಲಿಗೆ ಮುಗಿಯಿತು.

ಅತ್ತೆ ಸಿದ್ಧ. ತೊಂದರೆ ಇರುವುದು ಮೌನದ್ದು. ರಿಮೋಟಕ್ಕನ ಗಂಡ ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗಿ ಹೇಳುವವರು. ಭಾನುವಾರ ಬೆಳಗಿನ ಮೊದಲ ಪ್ರಯತ್ನದಲ್ಲಿ ಅತ್ತೆಯ ಚೌಕಟ್ಟು ದಾರಿ ತಪ್ಪಿದ್ದೇ ತಡ, "ಅಮ್ಮಾ, ಎಡಕ್ಕೆ! ಎಡಗಡೆಯಿಂದ ಎರಡನೆಯದು!" ಎಂದು ನಿಲ್ದಾಣದ ದನಿಯಲ್ಲೇ ಮೊಳಗಿದರು. ವಿಡಿಯೊ ಹಾಳು. ಎರಡನೆಯ ಸಲ ಗಂಡನ ಬಾಯಿಗೆ ಕೈ ಅಡ್ಡ ಹಿಡಿದು ಕೂತ ರಿಮೋಟಕ್ಕನೇ "ಅಯ್ಯೋ, ಅದಲ್ಲ ಅತ್ತೆ!" ಎಂದುಬಿಟ್ಟರು.

ಮೂರನೆಯ ಸಲಕ್ಕೆ ಕೈಚೀಲದಿಂದ ಹೊರಬಂದದ್ದು ಲ್ಯಾಬ್‌ನ ಗುಲಾಬಿ ಮೇಣದ ಹಾಳೆ. ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮೇಲೆ ಹೇಗೆ ಕೂರುತ್ತದೆ ಎಂಬ ಗುರುತು ತೆಗೆಯಲು, ದಂತವೈದ್ಯರು ತಮ್ಮ ಬಳಿ ಬಂದವರಿಗೆ ಕಚ್ಚಲು ಕೊಡುವ ಮೇಣ ಅದು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಗಂಡನಿಗೊಂದು ತುಂಡು ಕೊಟ್ಟು, ತಾವೊಂದು ಕಚ್ಚಿಕೊಂಡು, ರಿಮೋಟಕ್ಕ ಕ್ಯಾಮೆರಾ ಚಾಲೂ ಮಾಡುತ್ತಾರೆ.

ಅತ್ತೆ ಗುಂಡಿ ಒತ್ತುತ್ತಾರೆ. ಬ್ರೌಸರ್ ತೆರೆಯುತ್ತದೆ. ಚೌಕಟ್ಟು ಬೇಡದ ಕಡೆಗೆ ಹೋಗುತ್ತದೆ. "ಇದ್ಯಾಕೆ ಹೀಗಾಡುತ್ತೆ?" ಎಂದು ತಿರುಗಿ ನೋಡುತ್ತಾರೆ. ಇಬ್ಬರೂ ಕಣ್ಣು ಬಿಟ್ಟುಕೊಂಡು ಕೂತಿದ್ದಾರೆ. "ಏನೋ ಅದು ಬಾಯಲ್ಲಿ? ನನ್ನ ಬಿಟ್ಟು ಗಂಡ ಹೆಂಡ್ತಿ ಏನು ತಿಂತಿದ್ದೀರಿ?" ಇಬ್ಬರೂ ಮೇಣವನ್ನು ಇನ್ನಷ್ಟು ಬಿಗಿಯಾಗಿ ಕಚ್ಚುತ್ತಾರೆ. "ತಿನ್ನಿ, ತಿನ್ನಿ. ನನಗೇನು" ಎಂದು ಮುನಿಸಿನಿಂದ ಟಿವಿಯತ್ತ ತಿರುಗುತ್ತಾರೆ. ಮೆಲ್ಲಗೆ 'ಹಿಂದೆ' ಒತ್ತಿ, ಸರಿಯಾದ ಕೊಂಡಿ ಹುಡುಕಿ, ಚೆಸ್ ಮಣೆಯ ಮುಂದೆ ಹೋಗಿ ಕೂರುತ್ತಾರೆ. ಅಂಚಿನ ತಪ್ಪು ಸರಿಹೋಗಿ ಈಗ ಮಣೆ ಪೂರ್ತಿ ಕಾಣುತ್ತಿದೆ. ತಂಗಿ ಆಗಲೇ ಕಾಯುತ್ತಿದ್ದಾರೆ.

ಅತ್ತೆ ಕುದುರೆ ನಡೆಸುತ್ತಾರೆ. ಎದ್ದದ್ದು ಕುದುರೆಯೇ. ರಿಮೋಟಕ್ಕನ ಕಣ್ಣು ಒದ್ದೆಯಾಗುತ್ತದೆ. ಬಾಯಲ್ಲಿ ಮೇಣವಿಟ್ಟುಕೊಂಡು ಮೂಗು ಸೆಳೆಯಲೂ ಕಷ್ಟ. ಇನ್ನು ಹೊರಬರಬೇಕು, ಅಷ್ಟೇ. ಆದರೆ ಎಷ್ಟೋ ದಿನದ ಮೇಲೆ ಆಟ ಸಿಕ್ಕಿದೆ. ಅತ್ತೆ ಏಳುವ ಲಕ್ಷಣವಿಲ್ಲ. ಕಿಟಕಿಯ ಬಿಸಿಲು ಗೋಡೆ ಬಿಟ್ಟು ನೆಲಕ್ಕಿಳಿಯುತ್ತದೆ. ಕ್ಯಾಮೆರಾಕ್ಕೆ ಚಾರ್ಜರ್ ಸಿಕ್ಕಿಸಬೇಕಾಗುತ್ತದೆ. ಗಂಡ ಬಾಯಿ ತೋರಿಸಿ ಸನ್ನೆಯಲ್ಲೇ ಬಿಡುಗಡೆ ಬೇಡುತ್ತಾರೆ. ಹೆಂಡತಿ ಬೆರಳೆತ್ತಿ ಗದರುತ್ತಾರೆ. ಪರದೆಯ ಮೂಲೆಯಲ್ಲಿ ತಂಗಿಯ ಸಂದೇಶ ಮೂಡುತ್ತದೆ: "ಅಕ್ಕಾ, ಯೋಚನೆ ಮಾಡ್ತಿದ್ದೀಯೋ, ತೂಕಡಿಸ್ತಿದ್ದೀಯೋ?"

ಅದೇ ಉರಿಯಲ್ಲಿ ಅತ್ತೆ ದುಡುಕುತ್ತಾರೆ. ಕುದುರೆ ಹೋಗುತ್ತದೆ, ಹಿಂದೆಯೇ ಮಂತ್ರಿ, ಆಮೇಲೆ ರಾಜ. "ಹಾಳಾಗಿ ಹೋಗು!" ಎನ್ನುತ್ತ 'ಹಿಂದೆ' ಗುಂಡಿಯ ಮೇಲೆ ಹೆಬ್ಬೆರಳು ಊರುತ್ತಾರೆ. ತಂಗಿಯ ಕುತ್ತಿಗೆಯೇ ಸಿಕ್ಕಿದೆಯೇನೋ ಎಂಬಂತೆ ಒತ್ತಿ ಹಿಡಿದೇ ಇರುತ್ತಾರೆ. ಮಣೆ ಮಾಯವಾಗಿ ಸಿನಿಮಾಗಳ ಪಟ್ಟಿ ಬಂದು ನಿಲ್ಲುತ್ತದೆ. "ಹ್ಞಾ, ಈಗ ಸರಿ" ಎಂದು ಅತ್ತೆ ರಿಮೋಟನ್ನು ಸೋಫಾಕ್ಕೆ ಎಸೆಯುತ್ತಾರೆ. ಗಂಡ ಹೋ ಎಂದು ಕೂಗಲು ಬಾಯಿ ತೆರೆದರೆ ಮೇಣ ಗಟ್ಟಿಯಾಗಿ ಕೂತಿದೆ. ಅದನ್ನು ಬಿಡಿಸುವಷ್ಟು ಹೊತ್ತು ಆ ಮನೆಯಲ್ಲಿ ಅಪರೂಪದ ಶಾಂತಿ.

ದೊಡ್ಡಣ್ಣನ ಉತ್ತರ ಮರುದಿನ ಬೆಳಿಗ್ಗೆ ಬರುತ್ತದೆ. "ವಿಡಿಯೊ ಪೂರ್ತಿ ನೋಡಿದೆ. ಬ್ರೌಸರ್ ಸೇರಿಸಿದ್ದೇನೆ. ಅಮ್ಮ ಕುದುರೆಯನ್ನು ಅಲ್ಲಿ ಇಡಬಾರದಿತ್ತು." ಸೊಸೆ ಓದಿ ಹೇಳಿದಾಗ ಅತ್ತೆ ಕೆರಳುತ್ತಾರೆ. "ಅವನ್ಯಾರು ನನಗೆ ಹೇಳೋಕೆ? ಧೈರ್ಯ ಇದ್ರೆ ಆಡೋಕೆ ಬಾ ಅನ್ನು."

ಹೊಸ ಆವೃತ್ತಿ ಬಂದಾಗಿದೆ. ಬ್ರೌಸರ್ ಈಗ ಆ ತಂತ್ರಾಂಶ ಇರುವ ಎಲ್ಲ ಟಿವಿಗಳ ಪಟ್ಟಿಯಲ್ಲಿ ಸಿನಿಮಾ, ಹಾಡು, ಫೋಟೊಗಳ ಕೆಳಗೆ ಒಂದು ಸಾಲು. ಮಾಡಿದವರ ಹೆಸರು ಅಲ್ಲಿಲ್ಲ. ಅತ್ತೆ ದಿನಾ ಆಡುತ್ತಾರೆ, ದಿನಾ ಬೈಯುತ್ತಾರೆ, ದಿನಾ ಫೋನ್ ಮಾಡುತ್ತಾರೆ. ಮೊನ್ನೆ ತಂಗಿ, ಟಿವಿಯಲ್ಲಿ ಚೆಸ್ ಹೇಗೆ ಬಂತು ಎಂದು ಕೇಳಿರಬೇಕು. ಹಾಲ್‌ನಲ್ಲಿ ಕೂತು ಅತ್ತೆ ವಿವರಿಸುವುದು ಅಡುಗೆಮನೆಯವರೆಗೆ ಕೇಳುತ್ತದೆ.

"ಬಂದಿದ್ದೇನು ಬಂತು, ಮೊದಲಿಂದ ಒಳಗೇ ಇತ್ತಂತೆ ಕಣೇ. ನಮಗೆ ಗೊತ್ತಿರಲಿಲ್ಲ ಅಷ್ಟೆ. ನಮ್ಮ ಸೊಸೆ ಹುಡುಕಿ ಕೊಟ್ಲು. ಪಾಪ, ಹುಡುಕೋಕೆ ಒಂದು ವರ್ಷ ತಗೊಂಡ್ಲು!"

ಗಂಡ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಹೋಗಿ ಹೇಳೇ, ನೀನೇ ಮಾಡಿದ್ದು ಅಂತ." ರಿಮೋಟಕ್ಕ ತಲೆಯಾಡಿಸುತ್ತಾರೆ. "ಬೇಡ ರೀ. ಮೊದಲಿಂದ ಇತ್ತು ಅನ್ಸಿದೆಯಲ್ಲ ಅವರಿಗೆ. ಅಷ್ಟು ಚೆನ್ನಾಗಿ ಕೂತಿದೆ ಅಂತ ಆಯ್ತು."