ಟಬ್ಬಿನಲ್ಲಿ ಉಳಿದ ನೀರು

ದೇಶ ಬಿಟ್ಟು ಬಂದು ನೆಲೆಸಿರುವ ಮಾಂಟ್ ಕಿಯಾರಾದ ನಮ್ಮ ಮನೆಗೆ ಮಗಳ ಜಪಾನಿ ಗೆಳತಿ ಎರಡು ದಿನ ಇರಲು ಬಂದಿದ್ದಾಳೆ. ಇವತ್ತು ಸಂಜೆ ಅವಳ ಸ್ನಾನ ಮುಗಿದ ಮೇಲೆ ಮಗಳು ಬಚ್ಚಲಿಗೆ ಇಣುಕಿ, ಇಲ್ಲಿಯವರಂತೆ ಮಾತಿನ ಕೊನೆಗೊಂದು 'ಲಾ' ಸೇರಿಸಿ ಕೂಗಿದಳು: "ಅಮ್ಮಾ, ಟಬ್ ನೀರು ಹಾಗೇ ಬಿಟ್ಟಿದ್ದಾಳೆ ಲಾ!"

ಹೋಗಿ ನೋಡಿದೆ. ಆ ಹಬೆ ಮುಖಕ್ಕೆ ಬಡಿದದ್ದೇ ತಡ, ನಾನು ಮತ್ತೆ ಶಾಲೆಯ ಹುಡುಗಿ.

ಮೈಸೂರಿನ ನಮ್ಮ ಯುವತಂಡ ಜಪಾನಿಗೆ ಹೋದಾಗ ಒಂದು ಮನೆಯಲ್ಲಿ ಉಳಿದಿದ್ದೆ. ಅತಿಥಿಯೆಂದು ಮರದ ತೊಟ್ಟಿಯ ಮೊದಲ ಸ್ನಾನ ನನಗೇ ಬಿಟ್ಟುಕೊಟ್ಟರು. ಹೊರಗೆ ಮೈ ತೊಳೆದುಕೊಂಡು, ಕುತ್ತಿಗೆಯವರೆಗೆ ಮುಳುಗಿ ಎದ್ದೆ. ನಾನು ಮಿಂದ ನೀರನ್ನು ಇನ್ನೊಬ್ಬರಿಗೆ ಬಿಡುವುದುಂಟೇ? ಬಿರಡೆ ಕಿತ್ತು, ತೊಟ್ಟಿಯನ್ನು ಉಜ್ಜಿ ತೊಳೆದು, ಅಮ್ಮ ನೋಡಿದ್ದರೆ ಮೆಚ್ಚುತ್ತಿದ್ದಳೆಂದು ಬೀಗುತ್ತಾ ಹೊರಬಂದೆ. ಬಾಗಿಲಲ್ಲಿ ಆ ಮನೆಯ ಅಜ್ಜಿ ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತಿದ್ದರು. ಮನೆಮಂದಿಯೆಲ್ಲ ಸರದಿಯಂತೆ ಇಳಿಯುವುದು ಅದೇ ನೀರಿಗೆಂದು ಆಗ ತಿಳಿಯಿತು. ಅಜ್ಜಿ ಖಾಲಿ ತೊಟ್ಟಿಯನ್ನು ಬೆರಳಿಂದ ಸವರಿ ನೋಡಿದರು. ನನ್ನ ಒದ್ದೆ ತಲೆ ನೇವರಿಸಿ, ಮತ್ತೆ ನಲ್ಲಿ ತಿರುಗಿಸಿದರು.

ಮಗಳು ಬಿರಡೆಗೆ ಕೈ ಹಾಕಿದ್ದಳು. "ಮುಟ್ಬೇಡ ಕಣೇ, ನಮಗೆ ಅಂತ ಬಿಟ್ಟಿರೋದು ಅದು," ಎಂದೆ.

ಮೈ ತೊಳೆದುಕೊಂಡು ಆ ನೀರಿಗೆ ನಾನೇ ಮೊದಲು ಇಳಿದೆ. ಇನ್ನೂ ಬೆಚ್ಚಗಿತ್ತು.