ಓಪಲಜ್ಜಿಯ ಹಳದಿ ವ್ಯಾನು

ಬುಧವಾರ ಸಂಜೆ ನಾಲ್ಕಾಯಿತೆಂದರೆ ಕೋಳಿಮಾಂಸದ ಕಾರ್ಖಾನೆಯ ಹಿಂದಿನ ತಗಡಿನ ಟ್ರೇಲರ್ ಮನೆಗಳ ಮುಂದೆ ಚರ್ಚಿನ ವ್ಯಾನು ಕೆಮ್ಮುತ್ತಾ ಬಂದು ನಿಲ್ಲಲೇಬೇಕು, ಮೆಕ್ಸಿಕೊ, ಗ್ವಾಟೆಮಾಲಾ ಕಡೆಯಿಂದ ದುಡಿಯಲು ಬಂದವರ ಮಕ್ಕಳನ್ನು ಪಾಠಕ್ಕೂ ಊಟಕ್ಕೂ ಹತ್ತಿಸಿಕೊಳ್ಳಲು ಓಪಲಜ್ಜಿ ಹಾರನ್ ಬಾರಿಸಲೇಬೇಕು. ಮೊದಲ ವಾರ ವ್ಯಾನು ಬಿಳಿಯಾಗಿತ್ತು. ಕಾಗದಪತ್ರವಿಲ್ಲದವರನ್ನು ಹಿಡಿದೊಯ್ಯುವ ವಲಸೆ ಪೊಲೀಸರ ಗಾಡಿಯೆಂದು ಹೆದರಿ ಅಷ್ಟೂ ಮನೆಗಳು ಬಾಗಿಲು ಹಾಕಿಕೊಂಡವು. ಮರುದಿನವೇ ಅಜ್ಜಿ ತಾನೇ ಹಳದಿ ಬಣ್ಣ ಬಳಿದಳು, ಅರ್ಧ ಕಿಟಕಿಗಾಜನ್ನೂ ಸೇರಿಸಿ. "ದೇವರ ಗಾಡೀನ ಹಿಂಗಾ ಕೆಡಿಸೋದು?" ಎಂದು ಚರ್ಚಿನ ಹಿರಿಯ ಕ್ಲೈಡ್ ರೇಗಿದಾಗ, "ದೇವರಿಗಿಲ್ಲದ ಬೇಜಾರು ನಿನಗ್ಯಾಕಯ್ಯಾ?" ಎಂದು ಬಾಯಿ ಮುಚ್ಚಿಸಿದಳು. ಅವಳ ಮರೆವು ಊರಿಗೇ ಗೊತ್ತು. ಹಣೆಯ ಮೇಲಿನ ಕನ್ನಡಕವನ್ನು ವ್ಯಾನಿಡೀ ಹುಡುಕುತ್ತಾಳೆ. ಹನ್ನೊಂದು ಮಕ್ಕಳನ್ನು ಎಣಿಸಿದರೆ ಒಮ್ಮೆ ಹತ್ತು, ಇನ್ನೊಮ್ಮೆ ಹದಿಮೂರು. "ಅಜ್ಜೀ, ಇವತ್ತೂ ಬೀನ್ಸ್ ಕಾಳಿಗೆ ಸಕ್ಕರೆ ಸುರಿದಿದೀಯಾ?" ಎಂದು ಆ ಮಕ್ಕಳಲ್ಲೊಬ್ಬಳಾದ ಯಾರೆಲಿ ಎಂಬ ಹುಡುಗಿ ಛೇಡಿಸುತ್ತಾಳೆ. "ಹೂಂ ಕಣೇ ಬಜಾರಿ, ನಮ್ಮಮ್ಮ ಮಾಡ್ತಿದ್ದದ್ದೇ ಹಂಗೆ. ಮೊದ್ಲು ತಿನ್ನು, ಆಮೇಲೆ ಬೈಯಿ!" ಆದರೆ ಸೀಟಿನಡಿಯ ಬಿಸ್ಕತ್ತಿನ ಡಬ್ಬಿಯನ್ನು ಮಾತ್ರ ಅವಳು ಎಲ್ಲೂ ಮರೆತು ಬಂದವಳಲ್ಲ. ಅದರಲ್ಲಿ ಹನ್ನೊಂದು ಕಾಗದಗಳಿವೆ, ಒಂದೊಂದರ ಕೆಳಗೂ ಒಬ್ಬೊಬ್ಬ ತಾಯಿಯ ಸಹಿ: ನನ್ನನ್ನು ಹಿಡಿದೊಯ್ದು ನಾನು ಮನೆಗೆ ಬಾರದಿದ್ದರೆ ನನ್ನ ಮಗು ಓಪಲಜ್ಜಿಯ ಹತ್ತಿರ ಇರಲಿ. ಹಾಗಾಗಿಯೇ, ಮರಳಿ ಬಂದು ಮಗುವನ್ನು ಇಳಿಸಿದ ಮೇಲೂ ಬಾಗಿಲು ತೆರೆದು ತಾಯಿಯ ಮುಖ ಕಾಣುವವರೆಗೆ ಅವಳು ಗೇರು ಮುಟ್ಟುವುದಿಲ್ಲ. ಮಕ್ಕಳ ಎಣಿಕೆ ಎಷ್ಟೇ ತಪ್ಪಲಿ, ತಾಯಂದಿರನ್ನು ಎಣಿಸುವಾಗ ಅವಳ ಲೆಕ್ಕ ಒಂದು ಬುಧವಾರವೂ ತಪ್ಪಿಲ್ಲ.